ಕೆರೆ ತೊಳೆದ ನೀಲಗಾರ

"ಕೇಳ್ರಪ್ಪೋ ಕೇಳ್ರಿ! ಅರಸನ ಕೆರೆಯ ನೀರು ಕಡುನೀಲಿಗೆ ತಿರುಗಿದೆ. ಮೀನು ಸತ್ತು ತೇಲುತ್ತಿವೆ, ಕುಡಿದವರು ಹಾಸಿಗೆ ಹಿಡಿದಿದ್ದಾರೆ. ಕೆರೆ ತೊಳೆಯುವ ಗುಟ್ಟನ್ನು ಸಿದ್ಧನೊಬ್ಬ ಮೂರು ಒಗಟುಗಳಲ್ಲಿ ಹೇಳಿ ಹೋಗಿದ್ದಾನೆ. ಒಗಟು ಬಿಡಿಸಿ, ನೀರು ತೊಳೆದು ತೋರಿಸಿದವನಿಗೆ ರಾಜಕುಮಾರಿ ಹೊನ್ನಾಂಬಿಕೆಯೊಡನೆ ಮದುವೆ. ತಪ್ಪಿದವನಿಗೆ ಶೂಲ! ಇಂದು ಹೊತ್ತು ಮುಳುಗುವುದರೊಳಗೆ ಯಾರಿಂದಲೂ ಆಗದಿದ್ದರೆ ನೀಲಗಾರರ ಕೇರಿ ನೆಲಸಮ!"

ಡಂಗುರ ಕೇಳಿ, ಬಟ್ಟೆಗೆ ನೀಲಿ ಹಾಕುವ ನೀಲಗಾರರ ಹುಡುಗ ದ್ಯಾಮ ಬಣ್ಣದ ಬಾನಿಯಿಂದ ಕೈ ತೆಗೆದ. ಮೊಣಕೈವರೆಗೆ ನೀಲಿ. ಅವನನ್ನು ಸಾಕಿ ಬೆಳೆಸಿದ ಅಕ್ಕ ನಾಗಕ್ಕ ಸೀರೆ ಹಿಂಡುತ್ತಿದ್ದವಳು ಅಲ್ಲೇ ಕುಸಿದು ಕೂತಳು.

"ನಮ್ಮ ಬಾನೀ ನೀರ ಕೆರಿಗೆ ಹೋಗೂದು, ತಪ್ಪು ನಮ್ದ ಐತಿ," ಎಂದಳು. "ಆದ್ರ ನಲವತ್ತು ಮನಿ ಮಂದಿ ಎಲ್ಲಿಗೆ ಹೋಗಬೇಕೋ ತಮ್ಮಾ?"

"ನಾ ಹೋಗಿ ಒಗಟು ಕೇಳಿ ಬರ್ತೀನಿ ಅಕ್ಕಾ."

"ನೀನಾ? ಕೇರಿಯೆಲ್ಲ ನಿನ್ನ ಬಣ್ಣಗೇಡಿ ಅಂತಾರ!"

ಅದು ಸುಳ್ಳಲ್ಲ. ಹೋದ ವರ್ಷ ಕರಿಬಣ್ಣಕ್ಕೆಂದು ದ್ಯಾಮ ಕಬ್ಬಿಣದ ಕರಿಕಲ್ಲನ್ನು ಒಂಬತ್ತು ದಿನ ಅರೆದಿದ್ದ. ಅರೆದದ್ದನ್ನು ಮೈಮರೆತು ನೀಲಿಯ ಬಾನಿಗೆ ಸುರಿದುಬಿಟ್ಟ. ಸಾಲದ್ದಕ್ಕೆ ಪಕ್ಕದ ಮನೆಯ ಕಂಚುಗಾರ ಎಸೆದಿದ್ದ ಸಣ್ಣ ಕಂಚಿನ ಸರಳಿನಿಂದ ಅದನ್ನು ಕಲಕಿ, ಬಾನಿಯಲ್ಲೇ ನಿಂತಿದ್ದ ಸರಳನ್ನು ರಾಳದ ಬಟ್ಟೆಯಿಂದ ಒರೆಸುತ್ತ ಕೂತ. ನೋಡನೋಡುತ್ತ ಮದುವೆ ಸೀರೆಗಳ ಬಣ್ಣವೆಲ್ಲ ಮಾಯ! ಜನ ಬಿದ್ದು ಬಿದ್ದು ನಕ್ಕಿದ್ದರು. ದ್ಯಾಮ ಮಾತ್ರ ಆಮೇಲೆ ಕದ್ದುಮುಚ್ಚಿ ಮೂರು ಸಲ ಹಾಗೇ ಮಾಡಿ ನೋಡಿದ್ದ. ಮೂರು ಸಲವೂ ಬಣ್ಣ ಹೋಗಿತ್ತು. ಅರೆದ ಪುಡಿ, ಸರಳು, ರಾಳದ ಬಟ್ಟೆ, ಪುಡಿಯನ್ನು ಸೆಳೆದು ಎತ್ತುವ ಸೂಜಿಗಲ್ಲು ಎಲ್ಲವನ್ನೂ ಗಂಟು ಕಟ್ಟಿಕೊಂಡು ಈಗ ಅರಮನೆಗೆ ಓಡಿದ.

ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ನಡುವೆ ಕೆರೆಯ ನೀರು ತುಂಬಿದ ಕೊಪ್ಪರಿಗೆ. ರಾಜಕುಮಾರಿ ಮೊದಲ ಒಗಟು ಹೇಳಿದಳು: "ಒಡೆದಷ್ಟೂ ತೂಕ ಅಷ್ಟೇ, ಮೈ ಮಾತ್ರ ಹಿಗ್ಗುತ್ತ ಹೋಗುತ್ತದೆ. ಯಾವುದದು?"

"ಜಗಳ!" ಎಂದ ಪರದೇಶದ ರಾಜಕುಮಾರ, ಮೀಸೆ ತಿರುವುತ್ತ.

"ಹಾಗಾದರೆ ಜಗಳವಾಡಿ ಈ ನೀರು ತೊಳೆ," ಎಂದಳು ಅವಳು. ಜನ ಗೊಳ್ಳೆಂದರು. ಹೊತ್ತು ಮುಳುಗಿದ ಮೇಲೆ ಏರಿಸಲೆಂದು ಕಾವಲಿನವರು ಅವನನ್ನು ಎಳೆದೊಯ್ದು ಶೂಲದ ಬಳಿ ಕಟ್ಟಿದರು, ನಗು ನಿಂತಿತು.

ಮುಂದೆ ಬಂದ ಪಂಡಿತ ಮೊದಲನೆಯದಕ್ಕೆ "ಪುಡಿ" ಎಂದು ಹೇಳಿ ಗೆದ್ದ. ಎರಡನೆಯದು ಬಂತು: "ಕೆಲಸವೆಲ್ಲ ಅದೇ ಮಾಡಿಸುತ್ತದೆ, ಅದಿಲ್ಲದಿದ್ದರೆ ವರ್ಷ ಕಾದರೂ ಆಗುವುದಿಲ್ಲ. ಕೆಲಸ ಮುಗಿದರೆ ಅದು ಒಂದಿಷ್ಟೂ ಸವೆದಿರುವುದಿಲ್ಲ. ಯಾರು?"

"ಮದುವೆಯ ದಲ್ಲಾಳಿ!"

"ದಲ್ಲಾಳಿಯನ್ನು ಕೊಪ್ಪರಿಗೆಗೆ ಹಾಕಲೇ, ಪಂಡಿತರೇ?"

ಅವನೂ ಶೂಲದ ಬಳಿಗೆ ಹೋದ. ಹೊತ್ತು ಇಳಿಯುತ್ತಿತ್ತು. ದ್ಯಾಮ ಜನರನ್ನು ಸರಿಸಿ ಮುಂದೆ ನುಗ್ಗಿದ. ನೀಲಿ ಕೈ ನೋಡಿ ರಾಜಕುಮಾರಿ ಹುಬ್ಬೇರಿಸಿದಳು.

"ಎರಡು ಕೇಳಿದ್ದೀಯಲ್ಲ, ಮೂರನೆಯದನ್ನೂ ಕೇಳು. ಯಾವ ಕಿವಿಗೂ ಕೇಳದ ಕೂಗು, ನಾಯಿ ಮಾತ್ರ ಬೆಚ್ಚುತ್ತದೆ. ಆ ಕೂಗಿಗೆ ತಣ್ಣೀರಿನಲ್ಲಿ ಬೆಂಕಿ ಹುಟ್ಟುತ್ತದೆ. ಏನದು?"

ದ್ಯಾಮನಿಗೆ ತಟ್ಟನೆ ಹೊಳೆಯಿತು. ಸರಳು ಒರೆಸಿದಾಗಲೆಲ್ಲ ಕೇರಿಯ ನಾಯಿಗಳು ಊಳಿಟ್ಟಿದ್ದವಲ್ಲ!

"ದೊರೆಸಾನಿ, ಮೂರೂ ನನ್ನ ಗಂಟಿನ್ಯಾಗ ಅದಾವ್ರಿ!"

ಹೊಗೆಯಷ್ಟು ನಯವಾದ ಕರಿಪುಡಿಯನ್ನು ನೀರಿಗೆ ಉದುರಿಸಿದ. ಸರಳನ್ನು ಅದ್ದಿ, ರಾಳದ ಬಟ್ಟೆಯಿಂದ ಒಂದೇ ಸಮನೆ ಉಜ್ಜಿದ. ಏನೂ ಕೇಳಿಸಲಿಲ್ಲ, ಆದರೆ ಅರಮನೆಯ ನಾಯಿಗಳು ಹುಚ್ಚೆದ್ದು ಕೂಗಿದವು. ನೀರಿನಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಗುಳ್ಳೆಗಳು ಸಾಸಿವೆಯಂತೆ ಸಿಡಿದವು. ಕಡುನೀಲಿ ತಿಳಿ ಆಕಾಶದ ಬಣ್ಣವಾಯಿತು, ಆಮೇಲೆ ಮಜ್ಜಿಗೆಯ ತಿಳಿಯಂತಾಯಿತು, ಕೊನೆಗೆ ಕರಿಪುಡಿ ಇಳಿದು ಕೂತ ಕೊಪ್ಪರಿಗೆಯ ತಳ ಕಂಡಿತು.

"ಗೆದ್ದ! ಬಣ್ಣಗೇಡಿ ಗೆದ್ದ!" ಎಂದು ಜನ ಕುಣಿದರು. ಅರಸ ಹಾರ ತರಿಸಿದ.

ದ್ಯಾಮ ಹಾರಕ್ಕೆ ಕೊರಳು ಕೊಡಲಿಲ್ಲ. ಬಾನಿಯ ಹದವನ್ನು ಕಣ್ಣಿನಿಂದಲ್ಲ, ನಾಲಗೆಯಿಂದ ನೋಡುವುದು ನೀಲಗಾರರ ರೂಢಿ. ಬೆರಳದ್ದಿ ನಾಲಗೆಗೆ ಮುಟ್ಟಿಸಿದ. ಮುಖ ಕಿವುಚಿದ.

"ಇಲ್ರಿ. ಬಣ್ಣ ಹೋಗೈತಿ, ಕಹಿ ಹೋಗಿಲ್ಲ. ಬಣ್ಣ ಮುರದು ಚೂರಾಗೈತಿ ಅಷ್ಟ. ಆ ಚೂರು ಇನ್ನೂ ನೀರಾಗ ಅದಾವು. ಇದನ್ನ ಕುಡೀಬ್ಯಾಡ್ರಿ."

ಸೂರ್ಯ ಕೋಟೆಯ ಗೋಡೆ ಮುಟ್ಟಿದ್ದ.

"ಹುಚ್ಚಾ!" ಎಂದ ಅರಸ. "ಗೆದ್ದೆ ಎಂದು ಸುಮ್ಮನಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ಹೊತ್ತು ಮುಳುಗಿದರೆ ನಿನ್ನ ತಲೆಯೂ ಇಲ್ಲ, ನಿನ್ನ ಕೇರಿಯೂ ಇಲ್ಲ!"

"ಕುಡಿಯೋ ಮಂದಿಗೆ ಗೊತ್ತಾಗ್ತಿತ್ತ್ರಿ," ಎಂದ ದ್ಯಾಮ. ಮತ್ತೆ ಉಜ್ಜತೊಡಗಿದ. ಕೈಯಲ್ಲಿ ಬೊಬ್ಬೆಗಳೆದ್ದು ಒಡೆದವು. ಜನ ಒಮ್ಮೆ ಸೂರ್ಯನನ್ನು, ಒಮ್ಮೆ ಅವನನ್ನು ನೋಡಿದರು. ಎರಡನೆಯ ಸಲ ನಾಲಗೆಗೆ ಇಟ್ಟ, ತಲೆಯಾಡಿಸಿದ: ಇನ್ನೂ ಇಲ್ಲ. ಸೂರ್ಯ ಅರ್ಧ ಮುಳುಗಿದ. ಮೂರನೆಯ ಸಲ ಬೊಗಸೆ ತುಂಬ ಎತ್ತಿ ಗಟಗಟ ಕುಡಿದ.

"ಸಿಹಿನೀರ್ರಿ!"

ಆಮೇಲೆ ಗಂಟಿನಿಂದ ಸೂಜಿಗಲ್ಲು ತೆಗೆದು ನೀರಿಗೆ ಇಳಿಬಿಟ್ಟ. ಕರಿಪುಡಿಯೆಲ್ಲ ಓಡಿಬಂದು ಅದಕ್ಕೆ ಅಂಟಿತು. "ನೋಡ್ರಿ, ಒಡೆದಷ್ಟೂ ಮೈ ಹಿಗ್ಗಿದ್ದು ಈ ಪುಡಿ. ಮೈ ಹೆಚ್ಚಾದಷ್ಟೂ ಹೊಲಸು ತಾಗಲಿಕ್ಕೆ ಜಾಗ ಹೆಚ್ಚು. ಕೆಲಸ ಮಾಡಿಸಿ ಸವೆಯದ್ದೂ ಇದ. ತೂಗಿರಿ ಬೇಕಾದ್ರ, ನಾಳೆ ಮತ್ತ ಕೆಲಸಕ್ಕ ಬರತೈತಿ. ಕೇಳದ ಕೂಗು ಈ ಸರಳಿಂದು. ಅದು ಎಬ್ಬಿಸಿದ ಗುಳ್ಳಿ ಸಿಡಿದಾಗ ಒಳಗ ಕೆಂಡದ ಕಾವು ಹುಟ್ಟತೈತಿ, ಅದಕ್ಕ ಹೊಲಸು ಮುರೀತೈತಿ."

ರಾಜಕುಮಾರಿ ಮೆಟ್ಟಿಲಿಳಿದು ಬಂದಳು. ಅರಸ "ಬೇಡ ಮಗಳೇ!" ಎನ್ನುವಷ್ಟರಲ್ಲಿ ಅದೇ ಕೊಪ್ಪರಿಗೆಗೆ ಬೊಗಸೆ ಹಾಕಿ ಕುಡಿದುಬಿಟ್ಟಳು.

"ಶೂಲ ಕೀಳಿಸಿ, ಆ ಇಬ್ಬರನ್ನೂ ಬಿಟ್ಟುಬಿಡಿ. ಕೇರಿಯ ಒಂದು ಹೆಂಚೂ ಅಲುಗಬಾರದು," ಎಂದಳು. ಮತ್ತೆ ದ್ಯಾಮನ ಕಡೆ ತಿರುಗಿದಳು. "ಒಗಟು ಬಿಡಿಸಿದ್ದಕ್ಕೆ ಮದುವೆಯೆಂದು ಡಂಗುರ ಹೊಡೆಸಿದ್ದೆ. ನಾನು ಒಪ್ಪಿದ್ದು ಅದಕ್ಕಲ್ಲ. ತಲೆ ಹೋಗುವ ಹೊತ್ತಿನಲ್ಲೂ ನೀನು 'ಇಲ್ಲ' ಎಂದೆಯಲ್ಲ, ಅದಕ್ಕೆ."

ದ್ಯಾಮ ನಾಚಿ ನೀಲಿ ಕೈ ಬೆನ್ನ ಹಿಂದೆ ಮುಚ್ಚಿಕೊಂಡ. "ಆಗ್ಲಿ ದೊರೆಸಾನಿ. ಆದ್ರ ಮೊದಲು ಕೆರಿ."

ಮರುದಿನ ಬೆಳಗಾಗುವುದರೊಳಗೆ ನಲವತ್ತು ಮನೆಯ ನೀಲಗಾರರೂ ಕಂಚುಗಾರ ರಾತ್ರಿಯಿಡೀ ಎರಕ ಹೊಯ್ದುಕೊಟ್ಟ ಸರಳು ಹಿಡಿದು ಕೆರೆಯ ದಂಡೆಗೆ ಇಳಿದಿದ್ದರು.