ಕೆರೆಯ ಮೇಲಿನ ಅರಮನೆ

"ಕೆರೆಯನ್ನೇ ಹೂಳಿಸಿ ಅರಮನೆ ಕಟ್ಟಿದವನು ಈ ಸೀಮೆಯಲ್ಲಿ ನನ್ನ ಬಿಟ್ಟರೆ ಯಾರಿದ್ದಾರಯ್ಯಾ?" ಎಂದು ಪಾಳೆಗಾರ ಕೆಂಚನಾಯಕ ದಿನವೂ ಮೀಸೆ ತಿರುವುತ್ತಿದ್ದ.

"ತಮ್ಮ ಹೆಸರು ಕೇಳಿಯೇ ನೀರು ಇಂಗಿಹೋಯಿತು, ಪ್ರಭು!" ಎನ್ನುತ್ತಿದ್ದ ಪ್ರಧಾನಿ ಲಿಂಗರಸ.

ಆಸ್ಥಾನವೆಲ್ಲ ತಲೆಯಾಡಿಸುತ್ತಿತ್ತು. ತಿಂದ ಅನ್ನಕ್ಕೆ ಆ ಮಹನೀಯರು ಮಾಡುತ್ತಿದ್ದ ಕೆಲಸ ಅದೊಂದೇ.

ಒಂದು ಬೆಳಿಗ್ಗೆ ಭೂಮಿ ನಡುಗಿತು. ಅರಮನೆಯ ಗೋಡೆಗಳು ಬಾಯಿಬಿಟ್ಟವು, ಉಪ್ಪರಿಗೆ ಕುಸಿಯಿತು. ಶೂರ ಕೆಂಚನಾಯಕ ಮಂಚದಡಿ ತೂರಿ ಜೀವ ಉಳಿಸಿಕೊಂಡ. ಆದರೆ ಆ ಅರಮನೆ ಕಟ್ಟಿದ ಶಿಲ್ಪಿ ಮಲ್ಲೋಜನ ಸ್ವಂತ ಮನೆ ಊರಾಚೆ ಬಂಡೆಯ ಮೇಲಿತ್ತು. ಅಲ್ಲಿ ಒಂದು ಹೆಂಚೂ ಜಾರಲಿಲ್ಲ.

"ಕಂಡಿರಾ ಪ್ರಭು, ಇವನ ಮೋಸ! ತನ್ನ ಮನೆಗೆ ಗಟ್ಟಿ ಗಾರೆ, ತಮ್ಮ ಅರಮನೆಗೆ ಬರೀ ಬೂದಿ!" ಎಂದ ಲಿಂಗರಸ, ಮಲ್ಲೋಜನನ್ನು ಆಸ್ಥಾನಕ್ಕೆ ಎಳೆತರಿಸಿ.

"ಕಡಿಯಿರಿ ಇವನ ಕೈ!" ಎಂದು ನಾಯಕ ಗುಡುಗಿದ.

"ಎರಡಕ್ಕೂ ಅದೇ ಕಲ್ಲು, ಅದೇ ಗಾರೆ, ನನ್ನೊಡೆಯಾ!" ಎಂದು ಮಲ್ಲೋಜ ಕಾಲಿಗೆ ಬಿದ್ದ. ಕೇಳುವವರಾರು? ತಲೆಗಳು ಆಡುತ್ತಲೇ ಇದ್ದವು.

ಆಗ ವಿದೂಷಕ ಬೊಮ್ಮಣ್ಣ ಎದ್ದ. "ಕಡಿಯಲೇಬೇಕು ಪ್ರಭು. ಆದರೆ ಮೊದಲು ಕೈಯ ಕಳ್ಳತನ ಪರೀಕ್ಷೆಯಾಗಲಿ."

ಅಂಗಳದ ಹಾಸುಗಲ್ಲಿನ ಮೇಲೆ ಒಂದು ಕೊಪ್ಪರಿಗೆ ಇಡಿಸಿ, ಅರಮನೆಯಡಿಯ ಹಸಿ ಕೆಸರನ್ನು ತುಂಬಿಸಿದ. ಮಲ್ಲೋಜನಿಂದ ಆ ಕೆಸರಿನ ಮೇಲೊಂದು, ಪಕ್ಕದ ಬರಿಗಲ್ಲಿನ ಮೇಲೊಂದು ಕಲ್ಲಿನ ಪೇರು ಕಟ್ಟಿಸಿದ. ಆಮೇಲೆ ಒನಕೆಯಿಂದ ಹಾಸುಗಲ್ಲನ್ನು ಗುದ್ದಿಸಿದ.

ಬರಿಗಲ್ಲಿನ ಮೇಲಿನ ಪೇರು ಮಿಸುಕಲಿಲ್ಲ. ಕೆಸರು ಗದಗದ ಕುಲುಕಿ ಅದರ ಮೇಲಿನದು ದಬಾರನೆ ಉರುಳಿತು.

"ಇಲ್ಲೂ ಮೋಸ!" ಎಂದು ಲಿಂಗರಸ ಕಿರುಚಿದ.

"ಹಾಗಾದರೆ ತಾವೇ ಪೇರಿಸಿ, ಪ್ರಧಾನಿಗಳೇ."

ಲಿಂಗರಸ ಉಸಿರು ಬಿಗಿಹಿಡಿದು ಎರಡನ್ನೂ ಪೇರಿಸಿದ. ಒನಕೆ ಬಿತ್ತು. ಕೆಸರಿನ ಮೇಲಿನದೇ ಮತ್ತೆ ಉರುಳಿತು.

"ಈಗ ಯಾರ ಕೈ ಕಡಿಯೋಣ ಪ್ರಭು?"

ಲಿಂಗರಸ ಎರಡೂ ಕೈಗಳನ್ನು ಶಾಲಿನೊಳಗೆ ಬಚ್ಚಿಟ್ಟ.

"ಕೈಯದೇನು ತಪ್ಪು? ಒಂದೇ ಪೆಟ್ಟಿಗೆ ಕಲ್ಲು ಸುಮ್ಮನಿದೆ, ಕೆಸರು ಕುಣಿಯುತ್ತಿದೆ," ಎಂದ ನಾಯಕ. ಎಂದವನೇ ತಡೆದ. "ಅಂದರೆ, ಅರಮನೆಗೆ ಕೆರೆಯ ಜಾಗ ಆರಿಸಿದ ನನ್ನದೇ ತಪ್ಪೇನೋ ಬೊಮ್ಮಣ್ಣ?"

"ಛೆ, ತಮ್ಮದು ಬರೀ ಆಸೆ ಪ್ರಭು. ಅರಮನೆ ಪಾಪ, ಭೂಮಿ ನಡುಗಿದ ಮೇಲೆ ಅಲ್ಲಾಡಿತು. ಇಲ್ಲಿರುವ ತಲೆಗಳು ಭೂಮಿ ನಡುಗದಿದ್ದರೂ ಅಲ್ಲಾಡುತ್ತವೆ!"

ನಾಯಕ ಹೊಟ್ಟೆ ಹಿಡಿದುಕೊಂಡು ನಕ್ಕ. ತನ್ನ ಕೈಯ ಕಡಗ ತೆಗೆದು ಮಲ್ಲೋಜನ ಕೈಗೆ ತೊಡಿಸಿದ.

"ಹೊಸ ಅರಮನೆ ಬಂಡೆಯ ಮೇಲೆ ಕಟ್ಟು. ಹೂಳಿದ ಕೆರೆಯನ್ನು ಈ ತಲೆಗಳೇ ಬುಟ್ಟಿ ಹೊತ್ತು ತೋಡಲಿ. ಏನಂತೀರಿ ಲಿಂಗರಸರೇ?"

ಲಿಂಗರಸ ರೂಢಿಯಂತೆ ತಲೆಯಾಡಿಸಿದ.