ಕೊಳವೆಯ ಮಳೆ

ನಂಬದವರು ಈಗಲೇ ಎದ್ದು ಹೋಗಬಹುದು, ಮೀನಿಗೂ ಜಂಬವಿರುತ್ತದೆ. ಮೀನು ಸಾಕುವ ತೊಟ್ಟಿಯೊಂದರಲ್ಲಿ ಹೊಟ್ಟೆ ತುಂಬ ಮೊಟ್ಟೆ ಹೊತ್ತ ಕಾಟ್ಲಾ ಮೀನೊಂದಿತ್ತು. ಮುಂಗಾರಿನ ಹೊಸನೀರಿನಲ್ಲಿ ಮೊಟ್ಟೆಯಿಡಬೇಕು, ತನ್ನ ಮರಿಗಳು ಆ ನೀರಿನಲ್ಲೇ ಕಣ್ಣು ಬಿಡಬೇಕು ಎಂಬುದೊಂದೇ ಅದರ ಆಸೆ.

ಬಿರುಬೇಸಿಗೆಯಲ್ಲೇ ಒಡೆಯ ಅದರ ಮೈಗೆ ಮೊಟ್ಟೆಯಿಡಿಸುವ ಮದ್ದಿನ ಸೂಜಿ ಚುಚ್ಚಿ, ತೂತಿನ ಕೊಳವೆಯಿಂದ ಮಳೆಯಂತೆ ನೀರು ಸುರಿಸಿದ. ಕಾಟ್ಲಾ ಹಿಗ್ಗಿಹೋಯಿತು.

“ಏನೋ ಕಪ್ಪೆ, ಇಷ್ಟು ಮಳೆ ಸುರಿದರೂ ಬಾಯಿ ಬಿಡುವುದಿಲ್ಲವಲ್ಲ, ಗಂಟಲು ಕಟ್ಟಿತೇ?” ಎಂದು ಕಟ್ಟೆಯ ಮೇಲಿದ್ದ ಕಪ್ಪೆಯನ್ನು ಕೆಣಕಿತು.

“ಮಣ್ಣಿನ ವಾಸನೆ ಬರಲಿಲ್ಲ ಅಕ್ಕಾ. ಸ್ವಲ್ಪ ತಾಳು,” ಎಂದಿತು ಕಪ್ಪೆ.

“ಹೊಳೆಯ ಮೀನುಗಳು ಮಳೆಗೆ ಕಾಯಲಿ. ನನ್ನಂಥವಳಿದ್ದಲ್ಲಿಗೆ ಮಳೆಯೇ ಬರುತ್ತದೆ.”

ಅದು ಮೊಟ್ಟೆಯಿಟ್ಟಿತು. ಒಡೆಯ ಎಲ್ಲವನ್ನೂ ಬಟ್ಟೆಯಲ್ಲಿ ಸೋಸಿ ಬೇರೆ ತೊಟ್ಟಿಗೆ ಒಯ್ದ. ಒಂದು ಮರಿಯೂ ತಾಯಿಯ ಕಣ್ಣಿಗೆ ಬೀಳಲಿಲ್ಲ.

ಕೊನೆಗೆ ಮುಂಗಾರು ಬಂತು. ಮಣ್ಣು ಘಮ್ಮೆಂದಿತು, ಕೆನ್ನೀರು ತೊಟ್ಟಿಗೆ ನುಗ್ಗಿತು. ಕಾಟ್ಲಾ ಆ ನೀರಿಗೆ ಎದುರಾಗಿ ನಿಂತು ಮೊಟ್ಟೆಯಿಡಲು ತಿಣುಕಿತು. ಏನೂ ಬರಲಿಲ್ಲ. ಕಟ್ಟೆಯ ಮೇಲೆ ಕಪ್ಪೆ ಸಂಗಾತಿಯನ್ನು ಕರೆಯಲು ಗಂಟಲು ಉಬ್ಬಿಸಿತ್ತು. ಈ ಮಳೆಗೆಂದೇ ಅದು ವರ್ಷವಿಡೀ ಕಾದಿತ್ತು.

“ತಮ್ಮಾ, ಇವತ್ತೊಂದು ದಿನ ಕೂಗಬೇಡ,” ಎಂದಿತು ಕಾಟ್ಲಾ. “ನೀನು ಕೂಗಿದರೆ ಇದೇ ನಿಜವಾದ ಮಳೆ ಎಂದಾಗುತ್ತದೆ.”

ಕಪ್ಪೆ ಗಂಟಲು ಇಳಿಸಿ ಸುಮ್ಮನೆ ಕೂತಿತು. ಸುತ್ತಲ ಗದ್ದೆಗಳಲ್ಲಿ ಉಳಿದ ಕಪ್ಪೆಗಳೆಲ್ಲ ಕೂಗುತ್ತಲೇ ಇದ್ದವು. ಕಾಟ್ಲಾಗೆ ಕೊನೆಗೂ ಸಿಕ್ಕಿದ್ದು ಆ ಒಂದು ಕಪ್ಪೆಯ ಮೌನ.