ಬೂದಮ್ಮನ ಮೇಲಿನ ದೂರು

ನಮ್ಮದು ಅಮಲ್ದಾರ್ ಶಾಮಣ್ಣನವರ ಮನೆತನ. ಹೊಳೆದಂಡೆಯ ಈ ಆಶ್ರಮಕ್ಕೆ ಜಾಗ ಕೊಟ್ಟವರು ನನ್ನ ಮುತ್ತಾತ, ಬಾವಿ ತೋಡಿಸಿದವರು ಅಜ್ಜ. ನಾನು ಕಾನ್ವೆಂಟಿನಲ್ಲಿ ಓದಿದವಳು. ನಾಲ್ಕು ತಲೆಮಾರಿನಲ್ಲಿ ನಮ್ಮವರು ಯಾರ ಮುಂದೆಯೂ ‘ತಪ್ಪಾಯಿತು’ ಎಂದವರಲ್ಲ. ಅನ್ನುವ ಸಂದರ್ಭವೇ ಬಂದಿರಲಿಲ್ಲ.

ಆಶ್ರಮದಲ್ಲಿ ಪ್ರವಚನದ ಹಾಸುಗಳ ಜವಾಬ್ದಾರಿ ನನ್ನದು. ಬಿಳಿ ಹಾಸು ಬಿಳಿಯಾಗಿಯೇ ಇರಬೇಕು.

ಒಂದು ಬೆಳಿಗ್ಗೆ ಗುರುಗಳ ಮುಂದೆ ದೂರಿನ ಕಾಗದ ಇಟ್ಟೆ.

“ಯಾರ ಮೇಲೆ, ಸರಸಿಜಾ?”

“ಬೂದಮ್ಮನ ಮೇಲೆ.”

ಬೂದಮ್ಮ ಎಂದರೆ ಆಶ್ರಮದ ಬೂದು ಬೆಕ್ಕು.

“ನಾಲ್ಕು ದಿನದಿಂದ ಸೌದೆ ಕೊಟ್ಟಿಗೆಗೆ ಅಟ್ಟಿದ್ದೇನೆ. ಇವತ್ತು ಹೊಳೆಯಾಚೆ ಬಿಟ್ಟು ಬರಲು ಅಪ್ಪಣೆ ಕೊಡಿ. ದೋಣಿಯವನಿಗೆ ಹೇಳಿಯಾಗಿದೆ.”

“ಓದು.”

ಓದಿದೆ. “ಒಂದು, ಹಾಸಿನ ಮೇಲೆ ಕಲೆ ಮಾಡುತ್ತಾಳೆ. ಎರಡು, ಎಲ್ಲರೆದುರು ಹಿಂಭಾಗ ನೆಕ್ಕಿಕೊಳ್ಳುತ್ತಾಳೆ, ಗದರಿದರೂ ನಿಲ್ಲಿಸುವುದಿಲ್ಲ. ಮೂರು, ಕಾಲು ತೊಳೆಯುವ ತೊಟ್ಟಿಯ ನೀರನ್ನು ದಿನವಿಡೀ ಕುಡಿಯುತ್ತಾಳೆ. ನಾಲ್ಕು, ಹಾಲನ್ನ ಇಟ್ಟರೆ ಮೂಸಿಯೂ ನೋಡುವುದಿಲ್ಲ. ಅಷ್ಟು ಗರ್ವ.”

“ಕಲೆ ಯಾವ ಬಣ್ಣ?”

“ನಾನು ಕಲೆ ತೊಳೆಯುವವಳು, ಗುರುಗಳೇ. ನೋಡುತ್ತಾ ಕೂರುವವಳಲ್ಲ.”

“ಇವತ್ತು ತೊಳೆಯಬೇಡ. ನೋಡಿ ಬಾ.”

ಕೊಟ್ಟಿಗೆಗೆ ಹೋದೆ. ಗೋಣಿಯ ಮೇಲೆ ಬೂದಮ್ಮ ಮಲಗಿದ್ದಳು. ನನ್ನನ್ನು ಕಂಡರೆ ಓಡುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ. ಗೋಣಿಗೆ ಹತ್ತಿದ ಕಲೆಯನ್ನು ಬಗ್ಗಿ ನೋಡಿದೆ.

“ಹಳದಿ,” ಎಂದು ಬಂದು ಹೇಳಿದೆ. “ನಡುವೆ ರಕ್ತದ ಎಳೆ. ಕೀವಿನ ನಾತ.”

“ಹೊಟ್ಟೆ?”

“ಉಬ್ಬಿದೆ. ಮರಿ ಹಾಕುತ್ತಾಳೆ, ಅಷ್ಟೆ.”

“ಮೊಲೆತೊಟ್ಟು ಕೆಂಪೇರಿದೆಯೇ?”

ಮತ್ತೆ ಹೋಗಿ ನೋಡಿ ಬಂದೆ. “ಇಲ್ಲ.”

“ಬೆದೆಗೆ ಬಂದು ಕೂಗಾಡಿದ್ದು ಯಾವಾಗ?”

“ಐದು ವಾರದ ಹಿಂದೆ. ನನ್ನ ಜಪ ಕೆಡಿಸಿದ್ದಳು. ತಾರೀಖು ಬರೆದಿಟ್ಟಿದ್ದೇನೆ.”

ಗುರುಗಳು ಎದ್ದು ನಿಂತರು. “ಅದೆಲ್ಲವನ್ನೂ ಈ ಕಾಗದಕ್ಕೆ ಸೇರಿಸು. ಬೂದಮ್ಮನನ್ನು ಎತ್ತಿಕೊಂಡು ದೋಣಿ ಹತ್ತು.”

“ಬಿಟ್ಟು ಬರಲೇ?”

“ಆಚೆ ದಡದಲ್ಲಿ ಪಶುವೈದ್ಯರಿದ್ದಾರೆ. ಕಾಗದವನ್ನು ಅವರ ಕೈಗೆ ಕೊಡು.”

ದೋಣಿಯಲ್ಲಿ ಅವಳ ಮೈ ನನ್ನ ಮಡಿಲಿನಲ್ಲಿ ಕಾದ ಕಲ್ಲಿನಂತೆ ಸುಡುತ್ತಿತ್ತು. ಸೀರೆಯ ಮೇಲೆ ಕಲೆ ಬಿತ್ತು. ಒರೆಸಲಿಲ್ಲ.

ವೈದ್ಯೆ ಚಿಕ್ಕ ವಯಸ್ಸಿನ ಹೆಂಗಸು. ಕಾಗದ ಓದಿದಳು, ಬೂದಮ್ಮನ ಹೊಟ್ಟೆ ಮುಟ್ಟಿದಳು.

“ಬಸಿರಲ್ಲ, ಅಮ್ಮ. ಗರ್ಭಕೋಶದ ತುಂಬ ಕೀವು. ಈಗಲೇ ತೆಗೆಯಬೇಕು. ನಾಳೆಗೆ ಬಿಟ್ಟಿದ್ದರೆ ಉಳಿಯುತ್ತಿದ್ದಳೋ ಇಲ್ಲವೋ.” ಕೈ ತೊಳೆಯುತ್ತಾ ಕೇಳಿದಳು, “ಲಕ್ಷಣಗಳನ್ನು ಇಷ್ಟು ಚೆನ್ನಾಗಿ ಬರೆದುಕೊಂಡು ಬರುವವರೇ ಇಲ್ಲ. ಯಾರು ಬರೆದದ್ದು?”

ಮನೆತನದ ಹೆಸರು ಸೇರಿಸಿ ನನ್ನ ಹೆಸರು ಹೇಳಿದೆ.

ನಾಲ್ಕನೆಯ ದಿನ ಬುಟ್ಟಿಯಲ್ಲಿ ಬೂದಮ್ಮನನ್ನು ಕರೆತಂದೆ. ಹೊಟ್ಟೆಗೆ ಹೊಲಿಗೆ, ಕಣ್ಣಲ್ಲಿ ಹಳೆಯ ಜಂಬ.

“ವೈದ್ಯೆ ನನ್ನ ಕಾಗದವನ್ನು ಮೆಚ್ಚಿದರು,” ಎಂದು ಗುರುಗಳಿಗೆ ಹೇಳಿದೆ.

“ಮೆಚ್ಚಲೇಬೇಕು. ಒಂದನ್ನೂ ಬಿಟ್ಟಿಲ್ಲ ನೀನು. ತಲೆಬರಹ ಏನೆಂದು ಬರೆದಿದ್ದೆ?”

“ದೂರು.”

ಗುರುಗಳು ಒಗೆದಿಟ್ಟ ಬಿಳಿ ಹಾಸೊಂದನ್ನು ಬಿಡಿಸಿ, ಬುಟ್ಟಿಯನ್ನು ಅದರ ನಡುವೆ ಇಟ್ಟರು.

ನನಗೆ ಅರ್ಥವಾಯಿತು. ಅವರ ಪಾದಕ್ಕೆ ಬಗ್ಗಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

“ನನಗೇನು ಮಾಡಿದ್ದೀಯೆ? ಬೂದಮ್ಮನಲ್ಲಿ ಕ್ಷಮೆ ಕೇಳು.”